ಬಸ್ ಸ್ಟಾಪಿನಿಂದ ಕಾಣುವ ಮುಖ

ಊರ ನಡುವೆ, ನಾಲ್ಕು ರಸ್ತೆ ಕೂಡುವಲ್ಲಿ ನಿಂತಿರುವ ಆ ಐದಂತಸ್ತಿನ ಕಟ್ಟಡಕ್ಕೆ ಕಟ್ಟಿಸಿದವರು ಒಂದು ಉದ್ದನೆಯ ಹೆಸರಿಟ್ಟಿದ್ದರು. ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆಸಿಯೂ ಇದ್ದರು. ಆ ಹೆಸರು ಹಿಡಿದು ಅದನ್ನು ಕರೆದವರನ್ನು ನಾನಂತೂ ಕಾಣೆ. ನಾಲ್ಕನೆಯ ಅಂತಸ್ತಿನ ಕಿಟಕಿಗಳ ಮೇಲೆ ಸಾಲಾಗಿ ಹೆಂಗಸಿನ ಮುಖಗಳಿದ್ದುದರಿಂದ ಊರವರ ಬಾಯಲ್ಲಿ ಅದು ಮೋರೆ ಬಿಲ್ಡಿಂಗು. ಮಾತು ಬಿಟ್ಟು ಮುಖ ಊದಿಸಿಕೊಂಡು ಕೂತವರನ್ನು “ಏನು, ಮೋರೆ ಬಿಲ್ಡಿಂಗಿಂದ ಇಳಿದು ಬಂದ್ಯಾ?” ಎಂದು ಕೆಣಕುವುದು ಇಲ್ಲಿ ಮನೆಮನೆಯಲ್ಲೂ ಕೇಳುವ ಮಾತು.

ಕಟ್ಟಿಸಿದ್ದು ಒಂದು ವಿಮಾ ಕಂಪನಿ. ಅದರ ಮಾಲೀಕನಿಗೆ ಊರಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಕೂರಬೇಕೆಂಬ ಆಸೆ. ಮುಖಗಳು ದೂರದ ಕಾರ್ಖಾನೆಯೊಂದರಿಂದ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಬಂದವು. ಎಲ್ಲವೂ ಒಂದೇ ಅಚ್ಚಿನವು. ಅದೇ ನೇರ ಮೂಗು, ಅದೇ ಗತ್ತಿನ ಅರೆಗಣ್ಣು. ಅವು ಮಾಲೀಕನ ಹೆಂಡತಿಯ ಮುಖಗಳೆಂದೇ ಜನ ನಂಬಿದರು. “ಮನೇಲಿ ಒಂದನ್ನು ನೋಡೋಕಾಗದೆ ಬೀದಿಗೆಲ್ಲ ಹಂಚಿದ” ಎಂದು ನಕ್ಕರು. ಊರವರ ಜೀವಕ್ಕೆಲ್ಲ ಭರವಸೆ ಕೊಟ್ಟ ಕಂಪನಿ ತನ್ನ ಜೀವ ಉಳಿಸಿಕೊಳ್ಳಲಾರದೆ ಮುಳುಗಿತು. ಯುದ್ಧದ ಕಾಲದಲ್ಲಿ ಅಲ್ಲಿ ಗುಮಾಸ್ತರು ಕೂತು ಸೀಮೆಎಣ್ಣೆಯ ಚೀಟಿ ಬರೆದರು. ಆಮೇಲೆ ಬಟ್ಟೆ ವ್ಯಾಪಾರಿಯೊಬ್ಬ ಕೊಂಡು ಐದೂ ಅಂತಸ್ತಿಗೆ ಬಟ್ಟೆ ತುಂಬಿದ. ಊರಿನ ಮೊದಲ ಲಿಫ್ಟು ಬಂದದ್ದು ಆಗಲೇ. ಒಂದು ಕರವಸ್ತ್ರ ಕೊಳ್ಳುವ ಯೋಚನೆ ಇಲ್ಲದವರೂ ಮಕ್ಕಳನ್ನು ಕರೆತಂದು, ಒಂದು ಸಲ ಮೇಲೆ ಹೋಗಿ ಕೆಳಗೆ ಬಂದು, ಏನೋ ಸಾಧಿಸಿದವರಂತೆ ಮನೆಗೆ ಹೋಗುತ್ತಿದ್ದರು. ಬಟ್ಟೆ ಅಂಗಡಿಯ ಜೊತೆಗೇ ಆ ಕಟ್ಟಡಕ್ಕೆ ನಮ್ಮ ಗಾರೆ ಮೇಸ್ತ್ರಿಯೂ ಬಂದ.

ಅಂಥ ಕಟ್ಟಡಕ್ಕೆ ಒಬ್ಬ ಗಾರೆಯವನು ಸದಾ ಬೇಕು. ಒಂದು ಮೂಲೆ ರಿಪೇರಿ ಮಾಡುವಷ್ಟರಲ್ಲಿ ಇನ್ನೊಂದು ಮೂಲೆ ಉದುರುತ್ತದೆ. ಮಳೆ ಹೊರಗಿನಿಂದ, ತೇವ ಒಳಗಿನಿಂದ, ಪಾರಿವಾಳ ಮೇಲಿನಿಂದ, ಹೀಗೆ ಅದಕ್ಕೆ ಮೂರು ಕಡೆಯಿಂದ ಶತ್ರುಗಳು. ಮೇಸ್ತ್ರಿ ಆಗ ಮೀಸೆ ಚಿಗುರಿದ ಹುಡುಗ. ಕೆಲಸ ಕಲಿಸಿದ ಗುರು ಅವನಿಗೆ ಹೇಳಿಕೊಟ್ಟಿದ್ದು ಒಂದೇ ಮಾತು: ಮಾಡಿದ ರಿಪೇರಿ ಕಣ್ಣಿಗೆ ಕಾಣಬಾರದು, ಕಂಡರೆ ಅದು ಕೆಲಸವಲ್ಲ, ತೇಪೆ. ಆ ಮಾತನ್ನು ಅವನು ಕೆಲಸಕ್ಕಷ್ಟೇ ಅಲ್ಲ, ಬದುಕಿಗೂ ಹಚ್ಚಿಕೊಂಡುಬಿಟ್ಟ. ಸಂತೋಷವಾದರೂ ತೋರಿಸುವವನಲ್ಲ, ನೋವಾದರೂ ತೋರಿಸುವವನಲ್ಲ. “ನಮ್ಮ ಅಳಿಯ ಬಾಯಿಗೂ ಗಾರೆ ಮೆತ್ತಿಕೊಂಡಿದ್ದಾನೆ” ಎಂದು ಅವನ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅವನ ಹೆಂಡತಿ ಇಬ್ಬರ ಪಾಲಿನ ಮಾತನ್ನೂ ಆಡಬಲ್ಲವಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಕಾಲರಿನ ಕೆಲಸ. ದಿನವಿಡೀ ಕಾಲರು, ಬರೀ ಕಾಲರು. “ಊರಿನ ಗಂಡಸರ ಕುತ್ತಿಗೆಯೆಲ್ಲ ನನ್ನ ಕೈಲಿದೆ, ನನ್ನ ಗಂಡಂದು ಒಂದು ಬಿಟ್ಟು” ಅನ್ನುವಳು. ಮೇಸ್ತ್ರಿ ಕಾಲರಿನ ಅಂಗಿ ಹಾಕುತ್ತಿರಲಿಲ್ಲ. ಮನೆಯ ಗೋಡೆಯಲ್ಲಿ ಅಂಗೈಯಗಲ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು. ಅದನ್ನು ಬಂದವರಿಗೆಲ್ಲ ತೋರಿಸಿ “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ನಗುವಳು. ಅವನೂ ಮೀಸೆಯೊಳಗೇ ನಗುತ್ತಿದ್ದ. ಆ ದಿನಗಳಲ್ಲಿ ಆ ಮನೆಯಲ್ಲಿ ನಗುವುದಕ್ಕೆ ಬರವಿರಲಿಲ್ಲ.

ಮಗಳು ಹುಟ್ಟಿದಳು. ಉಬ್ಬಿದ ಪುಟ್ಟ ಹಣೆ, ಗುಂಡು ಮೂಗು, ಬಾಗಿಲು ತೆರೆದಿಟ್ಟ ಹಾಗೆ ಎರಡು ಕಿವಿ. ಮೇಲಿನ ತುಟಿ ತುಸು ಎತ್ತಿಕೊಂಡೇ ಇರುತ್ತಿತ್ತು, ಈಗಿನ್ನೇನು ಏನನ್ನೋ ಕೇಳಿಬಿಡುತ್ತಾಳೆ ಅನ್ನುವಂತೆ. ಚೆಲುವೆಯೆಂದು ಯಾರೂ ಹೇಳುವ ಹಾಗಿರಲಿಲ್ಲ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು, ಇವರಿಗೆ ಅವಳನ್ನು ಎಷ್ಟು ನೋಡಿದರೂ ಕಣ್ಣು ತಣಿಯದು. ಬಟಾಣಿ ಎಂದು ಕರೆದರು. ಬಟಾಣಿ ಪ್ರಶ್ನೆ ಕೇಳುತ್ತಿದ್ದುದೂ ಹಾಗೇ, ಬಿಡುವಿಲ್ಲದೆ. ಒಂದು ದಿನ ಅಪ್ಪನ ಹೆಗಲ ಮೇಲೆ ಕೂತು ಮೋರೆ ಬಿಲ್ಡಿಂಗನ್ನು ನೋಡಿ, “ಅಪ್ಪಾ, ಅವರೆಲ್ಲರ ಮೈ ಎಲ್ಲಿ?” ಎಂದಳು. ಮೇಸ್ತ್ರಿ ಎಂದೂ ಇಲ್ಲದ ಚುರುಕಿನಿಂದ, “ಒಳಗೆ ಬಟ್ಟೆ ಆರಿಸ್ತಾ ಇದೆ” ಎಂದ. ಆ ಮಾತನ್ನು ಹೆಂಡತಿ ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದಳು, ನನ್ನ ಗಂಡನೂ ಮಾತಾಡ್ತಾರೆ ಎಂದು.

ಬಟಾಣಿಗೆ ಆರು ತುಂಬಿದ ವರ್ಷ ಗಂಟಲು ಕಟ್ಟುವ ಜ್ವರ ಬಂತು. ಆಸ್ಪತ್ರೆಗೆ ಒಯ್ದರು, ಔಷಧಿ ಕುಡಿಸಿದರು, ಸ್ವಲ್ಪ ಇಳಿಯಿತೆಂದು ಮನೆಗೆ ಕರೆತಂದರು. ಮೇಸ್ತ್ರಿ ಅರ್ಧ ದಿನದ ಮಟ್ಟಿಗೆಂದು ಕೆಲಸಕ್ಕೆ ಹೋದ. ಯಾರೋ ಹೇಳಿಕಳಿಸಿ ಅವನು ಓಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಂಡತಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ನೆರೆಯ ಹೆಂಗಸರು ಅವಳನ್ನು ಎತ್ತಿ ಪಕ್ಕದ ಮನೆಗೆ ಕರೆದೊಯ್ದು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಕೋಣೆಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ಕೆಲಸದ ಚೀಲ ಇನ್ನೂ ಅವನ ಹೆಗಲಲ್ಲೇ ಇತ್ತು.

ಮನೆಯಲ್ಲಿ ಮಗುವಿನದೊಂದು ಫೋಟೋ ಇರಲಿಲ್ಲ. ಶಾಲೆಗೆ ಸೇರಿಸುವಾಗ ತೆಗೆಸಿದರಾಯಿತು ಎಂದುಕೊಂಡಿದ್ದರು. ನಾಳೆ ಮಣ್ಣಿಗೆ ಹೋದರೆ ಈ ಮುಖ ಇನ್ನೆಲ್ಲೂ ಇರುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಉಳಿದದ್ದನ್ನು ಕೈಯೇ ಮಾಡಿತು. ತಲೆಗೆ ಹಚ್ಚುವ ಎಣ್ಣೆಯನ್ನು ಮಗುವಿನ ಮುಖಕ್ಕೆ ಸವರಿದ, ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿದ, ಮೆಲ್ಲಗೆ ಹಣೆಯಿಂದ ಗಲ್ಲದವರೆಗೆ ಹೊಯ್ದ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಆ ಬಿಸಿ ಅಂಗೈಗೆ ತಾಗಿದಾಗ ಒಂದು ಗಳಿಗೆ ಮಗಳಿಗೆ ಜ್ವರ ಮರಳಿ ಬಂತು ಅನ್ನಿಸಿ, ಜ್ವರವಾದರೂ ಬರಲಿ, ಇರಲಿ ಎಂದುಕೊಂಡ. ಅಚ್ಚನ್ನು ಬಿಡಿಸಿ ಚೀಲಕ್ಕಿಟ್ಟು, ಒದ್ದೆ ಬಟ್ಟೆಯಿಂದ ಮುಖ ಒರೆಸಿದ. ಆತುರದಲ್ಲಿ ಒಂದು ಹುಬ್ಬಿಗೆ ಎಣ್ಣೆ ತಾಗಿರಲಿಲ್ಲ. ಆ ಹುಬ್ಬಿನ ಕೂದಲಿಗೆ ಬಿಳಿ ಹಾಗೇ ಕಚ್ಚಿಕೊಂಡಿತ್ತು.

ಹೆಂಡತಿ ಬಂದು ಮೊದಲು ನೋಡಿದ್ದು ಅದನ್ನೇ. ಉಗುರಿನಿಂದ ಮೆಲ್ಲಗೆ ಕೆರೆದಳು, ಬರಲಿಲ್ಲ. ಗಂಡನ ಕೈಗಳನ್ನು ನೋಡಿದಳು, ಮಣಿಕಟ್ಟಿನವರೆಗೆ ಬಿಳಿ.

“ಮಗು ಮುಟ್ಟೋಕೆ ಮುಂಚೆ ಕೈ ತೊಳ್ಕೊಳ್ಳೋದಕ್ಕೂ ಆಗಲಿಲ್ವಾ ನಿಮಗೆ?” ಎಂದಳು.

ಆ ಮಾತನ್ನು ಅವಳು ಕೂಗಿ ಹೇಳಲಿಲ್ಲ. ಕೂಗಿದ್ದರೆ ಅವನೂ ಕೂಗಿ ಇದ್ದದ್ದನ್ನು ಹೇಳಿಬಿಡುತ್ತಿದ್ದನೇನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತೂ ಹೋದದ್ದೇ ಎಂದು ಯಾರೂ ಹೇಳುವುದಿಲ್ಲ. ಸತ್ತ ಮಗುವಿನ ಮೇಲೆ ಪ್ಲಾಸ್ಟರ್ ಹೊಯ್ದೆ ಎಂದು ಹೆತ್ತವಳ ಮುಂದೆ ಆ ಹೊತ್ತಿನಲ್ಲಿ ಯಾವ ಬಾಯಿಂದ ಹೇಳುವುದು? ಅವನು ತಲೆ ತಗ್ಗಿಸಿ ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡ. ಅದೇ ಅವಳ ಪಾಲಿಗೆ ಉತ್ತರವಾಯಿತು.

ಅದಾದ ಮೇಲೆ ಅವರಿಬ್ಬರೂ ಒಂದೇ ಸೂರಿನಡಿ ಇದ್ದರು, ಅಷ್ಟೆ. ಅವನು ಮನೆಯಲ್ಲಿ ಕೂರಲಾಗದೆ ರಜೆಯ ದಿನವೂ ಕಟ್ಟಡಕ್ಕೆ ಹೋಗುತ್ತಿದ್ದ. ಅವಳು ಆ ಕಟ್ಟಡವನ್ನು “ನನ್ನ ಸವತಿ” ಎಂದು ಕರೆಯತೊಡಗಿದಳು. ಮೊದಮೊದಲು ಕೇಳಿದವರಿಗೆ ನಗು ಬರುತ್ತಿತ್ತು. ಅವಳ ಮುಖ ನೋಡಿದ ಮೇಲೆ ನಗು ನಿಲ್ಲುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಮುಖಗಳಲ್ಲಿ ಒಂದು ಕಳಚಿ ಬೆಳಿಗ್ಗೆ ಬೆಳಿಗ್ಗೆಯೇ ಕಾಲುದಾರಿಗೆ ಬಿದ್ದು ಪುಡಿಯಾಯಿತು. ಪುಣ್ಯಕ್ಕೆ ಯಾರ ತಲೆಯೂ ಅದರಡಿ ಇರಲಿಲ್ಲ. ಬಟ್ಟೆ ಅಂಗಡಿಯ ಮ್ಯಾನೇಜರು ಮೇಸ್ತ್ರಿಯನ್ನು ಕರೆದು, ಪಕ್ಕದ ಮುಖದಿಂದ ಅಚ್ಚು ತೆಗೆದು ಹೊಸದೊಂದು ಎರಕ ಹೊಯ್ದು ಕೂರಿಸು ಎಂದ. ಗಾರೆಯವನಿಗೆ ಅದು ಎಡಗೈ ಕೆಲಸ. ಮೇಸ್ತ್ರಿ ಆಗಲಿ ಎಂದು ತಲೆಯಾಡಿಸಿ, ನೆಲಮಾಳಿಗೆಯ ತನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಚೀಲದಿಂದ ಮಗಳ ಮುಖದ ಅಚ್ಚನ್ನು ಹೊರತೆಗೆದ.

ಅಚ್ಚಿನಿಂದ ಬಂದ ಮುಖಕ್ಕೆ ಕಣ್ಣು ಮುಚ್ಚಿತ್ತು. ಅದನ್ನು ನೋಡುವುದು ಅವನಿಂದಾಗಲಿಲ್ಲ. ಅದರ ಅಳತೆಗಳನ್ನೆಲ್ಲ ಹಿಗ್ಗಿಸಿ ಕಟ್ಟಡದ ಮುಖಗಳಷ್ಟು ದೊಡ್ಡದಾಗಿ ಜೇಡಿಮಣ್ಣಿನಲ್ಲಿ ಮಾಡಿದ, ಕಣ್ಣನ್ನು ನೆನಪಿನಿಂದ ತೆರೆಸಿದ. ಆದರೆ ಎತ್ತರದಲ್ಲಿ ಕೂರುವ ಮುಖವನ್ನು ಇದ್ದ ಹಾಗೇ ಮಾಡುವಂತಿಲ್ಲ. ಕೆಳಗಿನಿಂದ ನೋಡುವವರಿಗೆ ಗಲ್ಲ ಹತ್ತಿರ, ಹಣೆ ದೂರ. ಗಲ್ಲವೇ ಕಂಡು ಹಣೆ ಮಾಯವಾಗಿಬಿಡುತ್ತದೆ. ಅದಕ್ಕೆ ಹಣೆಯನ್ನು ಎಳೆದು ಮುಂದಕ್ಕೆ ಬಾಗಿಸಬೇಕು, ಮೂಗನ್ನು ಉದ್ದ ಮಾಡಬೇಕು, ಗಲ್ಲವನ್ನು ಒಳಕ್ಕೆ ತಳ್ಳಬೇಕು. ಕಾರ್ಖಾನೆಯಿಂದ ಬಂದ ಮುಖಗಳಿಗೆ ಆ ಉಪಚಾರವೇನೂ ಆಗಿರಲಿಲ್ಲ. ಅವು ಯಾರು ಎಲ್ಲಿ ನಿಂತು ನೋಡುತ್ತಾರೆಂದು ಯೋಚಿಸಿ ಮಾಡಿದವಲ್ಲ. ಮೇಸ್ತ್ರಿಗೆ ಮಾತ್ರ ಯಾರು ಎಲ್ಲಿಂದ ನೋಡಬೇಕೆಂಬುದು ಗೊತ್ತಿತ್ತು. ಕಟ್ಟಡದ ಎದುರಿಗೆ, ರಸ್ತೆಯಾಚೆ, ತುಸು ಎಡಕ್ಕೆ ಒಂದು ಬಸ್ ಸ್ಟಾಪು. ಕಾರ್ಖಾನೆ ಬಿಟ್ಟ ಮೇಲೆ ಅವನ ಹೆಂಡತಿ ಅಲ್ಲಿ ಇಳಿದು ಮನೆ ಕಡೆಯ ಬಸ್ಸಿಗೆ ಕಾಯುತ್ತಾಳೆ. ಅವಳು ನಿಲ್ಲುವ ಕಂಬದ ಹತ್ತಿರ ಹೋಗಿ ನಿಲ್ಲುವನು, ಮೇಲಿನ ಖಾಲಿ ಜಾಗ ನೋಡುವನು, ಓಡಿ ಬಂದು ಮಣ್ಣು ತಿದ್ದುವನು. ಹಣೆ ಸಾಲದು, ಇನ್ನಷ್ಟು. ಎಡಗೆನ್ನೆ ಹೆಚ್ಚಾಯಿತು, ತೆಗೆ.

ಕಣ್ಣು ಮುಚ್ಚಿದ ಆ ಚಿಕ್ಕ ಮುಖವನ್ನು ಏನು ಮಾಡುವುದು? ಮನೆಗೆ ಒಯ್ಯುವ ಹಾಗಿಲ್ಲ, ಬಿಸಾಡುವ ಹಾಗಂತೂ ಇಲ್ಲವೇ ಇಲ್ಲ. ಕೊನೆಗೆ ಅದನ್ನು ಕುಟ್ಟಿ ಪುಡಿ ಮಾಡಿ, ಮಣ್ಣಿನ ಮುಖದ ಅಚ್ಚಿಗೆ ಹೊಯ್ಯುವ ಹೊಸ ಪ್ಲಾಸ್ಟರಿಗೇ ಕಲಸಿದ. ಹಳೆಯ ಪುಡಿ ಸೇರಿದರೆ ಹೊಸದು ಬೇಗ ಗಟ್ಟಿಯಾಗುತ್ತದೆ. ಅಳುತ್ತ ನಿಲ್ಲಲೂ ಅದು ಬಿಡುವು ಕೊಡಲಿಲ್ಲ.

ಹೆಂಡತಿಯ ತಮ್ಮ ಅವನಿಗೆ ಕೆಲಸದಲ್ಲಿ ಜೊತೆಗಾರ, ಅಟ್ಟಣೆ ಕಟ್ಟುವುದರಲ್ಲಿ ಎತ್ತಿದ ಕೈ. ಮುಖವನ್ನು ಹಗ್ಗದಲ್ಲಿ ಮೇಲಕ್ಕೆ ಎಳೆದವನು ಅವನೇ. ಗೋಣಿ ಬಿಚ್ಚಿದಾಗ ಅವನು ಭಾವನ ಮುಖ ನೋಡಿದ, ಆ ಮುಖ ನೋಡಿದ, ಮತ್ತೆ ಭಾವನ ಮುಖ ನೋಡಿದ. “ಅಕ್ಕಂಗೆ ಹೇಳಿ ಭಾವ” ಎಂದ. “ಅವಳೇ ನೋಡಲಿ” ಎಂದ ಮೇಸ್ತ್ರಿ. ಗುಟ್ಟು ಬಿಡುವುದಿಲ್ಲವೆಂದು ಭಾವಮೈದನಿಂದ ಮಾತು ತೆಗೆದುಕೊಂಡ. ಆ ಬಾಯಿಬಡುಕ ಸಾಯುವವರೆಗೂ ಆ ಒಂದು ಮಾತನ್ನು ಉಳಿಸಿಕೊಂಡ.

ಅಟ್ಟಣೆ ಬಿಚ್ಚಿದ ದಿನ ಮೇಸ್ತ್ರಿ ರಸ್ತೆ ದಾಟಿ, ಕಂಬದ ಹತ್ತಿರ ನಿಂತು ತಲೆಯೆತ್ತಿದ. ಅಲ್ಲಿ ಬಟಾಣಿ ಇದ್ದಳು. ಗುಂಡು ಮೂಗು, ಪುಟ್ಟ ಹಣೆ, ಎತ್ತಿದ ತುಟಿ. ಈಗಿನ್ನೇನು ಏನನ್ನೋ ಕೇಳುತ್ತಾಳೆ. ನಡುಬೀದಿಯಲ್ಲಿ ನಿಂತು ಅವನು ಬಿಕ್ಕಿಬಿಕ್ಕಿ ಅತ್ತ. ಬಸ್ಸಿಗೆ ನಿಂತ ಹಿರಿಯರೊಬ್ಬರು, “ಜೇಬು ಕತ್ತರಿಸಿದ್ರಾ?” ಎಂದು ಕೇಳಿ ಬಸ್ಸಿನ ಚಾರ್ಜು ಕೊಡಲು ಬಂದರು.

ಖಾಲಿ ಜಾಗ ತುಂಬಿತಲ್ಲ ಎಂದು ಮ್ಯಾನೇಜರು ಅದನ್ನು ಸರಿಯಾಗಿ ನೋಡಲೂ ಇಲ್ಲ. ಇನ್ನು ಹೆಂಡತಿ ನೋಡಬೇಕಾದದ್ದಷ್ಟೇ. ಇವತ್ತು ನೋಡುತ್ತಾಳೆ, ನಾಳೆ ನೋಡುತ್ತಾಳೆ ಎಂದು ಅವನು ಕಾದ. ನೋಡಿದ ದಿನ ಅವಳೇ ಓಡಿ ಬರುತ್ತಾಳೆ, ಹುಬ್ಬಿನ ಮೇಲಿನ ಬಿಳಿಯ ಅರ್ಥ ಅವಳಿಗೇ ಹೊಳೆಯುತ್ತದೆ, ತಾನು ಒಂದು ಮಾತೂ ಆಡಬೇಕಾಗುವುದಿಲ್ಲ. ಇದು ಅವನ ಎಣಿಕೆ. ಮಾತು ಬಾರದವನು ಕೈಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ. ಆದರೆ ಅವಳು ಸವತಿಯ ಮುಖ ನೋಡುವುದಿಲ್ಲವೆಂದು ಹಠ ತೊಟ್ಟವಳು. ಬಸ್ ಸ್ಟಾಪಿನಲ್ಲಿ ನಿಂತರೆ ಕೈಚೀಲ ನೋಡುವಳು, ಚಪ್ಪಲಿ ನೋಡುವಳು, ರಸ್ತೆಯ ತಿರುವು ನೋಡುವಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದು ಇಂಥ ಜೋಡಿಯನ್ನು ನೋಡಿಯೇ ಇರಬೇಕು.

ಮುಖಗಳ ಧೂಳು ಒರೆಸಲು, ಬಿರುಕು ಮುಚ್ಚಲು ಮೇಸ್ತ್ರಿ ಆಗಾಗ ಹಲಗೆಯ ಮೇಲೆ ತೂಗಿಕೊಂಡು ಮೇಲೆ ಇರುತ್ತಿದ್ದ. ಮಗಳ ಮುಖದ ಸರದಿಯನ್ನು ಸಂಜೆಗೇ ಇಟ್ಟುಕೊಳ್ಳುತ್ತಿದ್ದ. ಪಕ್ಕದಲ್ಲಿ ಮಗಳು, ಕೆಳಗೆ ರಸ್ತೆಯಾಚೆ ಹೆಂಡತಿ. ಸಂಸಾರವೆಲ್ಲ ಒಂದೆಡೆ ಇರುತ್ತಿದ್ದುದು ಆ ಹೊತ್ತಿನಲ್ಲೇ. ಒಂದು ಸಂಜೆ ತಡೆಯಲಾರದೆ ತಗಡಿನ ಬಕೆಟ್ಟನ್ನು ಬೇಕೆಂತಲೇ ಹಲಗೆಗೆ ಬಡಿದ. ಆ ಸದ್ದಿಗೆ ಬಸ್ ಸ್ಟಾಪಿನಲ್ಲಿದ್ದ ಅಷ್ಟೂ ಜನ ತಲೆಯೆತ್ತಿದರು. ಅವಳೊಬ್ಬಳು ಬಸ್ಸು ಬಂತೇನೋ ಎಂದು ತಿರುವಿನ ಕಡೆ ನೋಡಿದಳು.

ಹೇಳಬಹುದಿತ್ತು. ಎಷ್ಟೋ ಸಲ ಹೇಳಲು ಹೊರಟ. ಕೆಲವು ವರ್ಷಗಳ ಮೇಲೆ ಅವರಿಗೊಬ್ಬ ಮಗ ಹುಟ್ಟಿದಾಗ ಹೇಳಬೇಕೆಂದುಕೊಂಡ. ಆಗ ಅವಳು ಸ್ವಲ್ಪ ನಗತೊಡಗಿದ್ದಳು, ಹಳೆಯ ಗಾಯ ಕೆದಕಬೇಕೇ ಅನ್ನಿಸಿತು. ಭಾವಮೈದ ಸತ್ತಾಗ ಹೇಳಬೇಕೆಂದುಕೊಂಡ. ಆಗ ಅವಳು ಅಳುತ್ತಿದ್ದಳು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎಂಬ ಹಾಗೆ ಒದ್ದಾಡಿ, ಕೊನೆಗೆ ಒದ್ದಾಟವೇ ಅಭ್ಯಾಸವಾಯಿತು. ನನ್ನನ್ನು ಕೇಳಿದರೆ ಇದರಲ್ಲಿ ಹೆಡ್ಡತನವೂ ಇತ್ತು, ಕಸುಬಿನವನ ಜಂಬವೂ ಇತ್ತು. ಇದು ನಿನ್ನ ಮಗಳು ಎಂದು ಬಾಯಿಬಿಟ್ಟು ಹೇಳಬೇಕಾದರೆ ಮಾಡಿ ಏನು ಬಂತು ಎಂದು ಅವನ ಮನಸ್ಸಿನ ಒಂದು ಮೂಲೆ ಹೇಳುತ್ತಲೇ ಇತ್ತು.

ಬಟ್ಟೆ ಅಂಗಡಿ ಮುಚ್ಚಿ ಬ್ಯಾಂಕು ಬಂತು. ಬ್ಯಾಂಕು ಹೊಸ ಬಡಾವಣೆಗೆ ಹೋಯಿತು. ಕಟ್ಟಡ ಬೀಗ ಹಾಕಿಕೊಂಡು ಪಾರಿವಾಳಗಳ ಪಾಲಾಯಿತು. ಮೇಸ್ತ್ರಿಗೆ ಮೊಣಕಾಲು ಹೋಯಿತು, ಕೆಲಸವೂ ಹೋಯಿತು. ಹೆಂಡತಿಯೂ ಕಾರ್ಖಾನೆ ಬಿಟ್ಟಳು, ಕಣ್ಣಿನ ಪೊರೆ ತೆಗೆಸಿಕೊಂಡಳು. ಮಗ ಸಾಮಾನು ಸಾಗಿಸುವ ಒಂದು ವ್ಯಾನು ಇಟ್ಟುಕೊಂಡು, ಹೆಂಡತಿಯೊಂದಿಗೆ ಅದೇ ಮನೆಯಲ್ಲಿ ಇದ್ದ. ಸೊಸೆ ಒಳ್ಳೆಯವಳು, ಮಾವನ ಮೌನವನ್ನೂ ಅತ್ತೆಯ ಮಾತನ್ನೂ ಒಟ್ಟಿಗೇ ನಿಭಾಯಿಸುತ್ತಿದ್ದಳು.

ಆಗ ಹೋಟೆಲಿನವರು ಮೋರೆ ಬಿಲ್ಡಿಂಗನ್ನು ಕೊಂಡರೆಂಬ ಸುದ್ದಿ ಬಂತು. ಕಟ್ಟಿದಾಗ ಹೇಗಿತ್ತೋ ಹಾಗೇ ಮಾಡುತ್ತಾರಂತೆ ಎಂದು ಊರೆಲ್ಲ ಸಂತೋಷಪಟ್ಟಿತು. ಮೇಸ್ತ್ರಿಯೂ ಕೋಲೂರಿಕೊಂಡು ನೋಡಲು ಹೋದ. ಕೆಲಸದ ಮೇಲ್ವಿಚಾರಣೆ ಒಬ್ಬ ಇಂಜಿನಿಯರಮ್ಮನದು. ಹಳಬರೆಂದು ತಿಳಿದು ಅವಳು ಕುರ್ಚಿ ಹಾಕಿಸಿದಳು, ಟೀ ತರಿಸಿದಳು, ಮುಖಗಳ ಸಾಲಿನ ಹಳೆಯ ಫೋಟೋ ತೋರಿಸಿದಳು.

“ಎಲ್ಲ ಒಂದೇ ಥರ ಇವೆ ನೋಡಿ. ಈಗ ಮೇಲೆ ಹೋಗಿ ನೋಡಿದ್ರೆ ಒಂದು ಮಾತ್ರ ಬೇರೆ. ಹಣೆ ದಪ್ಪ, ಮೂಗು ಉದ್ದ, ಗಲ್ಲಾನೇ ಇಲ್ಲ. ಯಾರೋ ಕಲಿಯೋರು ಮಾಡಿರಬೇಕು ಪಾಪ. ಅದನ್ನ ತೆಗೆದು ಸರಿಯಾದ್ದು ಕೂರಿಸ್ತೀವಿ.”

“ಇರಬಹುದು,” ಎಂದ ಮೇಸ್ತ್ರಿ. ಟೀ ಬಟ್ಟಲನ್ನು ಕೆಳಗಿಟ್ಟು, “ಬಿಸಾಡೋದಾದ್ರೆ ಅದನ್ನ ನನಗೆ ಕೊಡ್ತೀರಾ ಅಮ್ಮಾ?” ಎಂದ.

ಅವಳು ಯಾಕೆಂದೂ ಕೇಳದೆ ಆಗಲಿ ಎಂದಳು. ಒಡೆಯದ ಹಾಗೆ ಇಳಿಸುತ್ತೇವೆ, ಮುಂದಿನ ತಿಂಗಳು ಹೇಳಿಕಳಿಸುತ್ತೇನೆ ಎಂದಳು. ಅವಳ ಮೇಲೆ ಕೋಪ ಮಾಡಿಕೊಳ್ಳಲು ಏನೂ ಇರಲಿಲ್ಲ. ಕಟ್ಟಡದ ಲೆಕ್ಕದಲ್ಲಿ ಅವಳು ಹೇಳಿದ್ದು ಸರಿಯೇ.

ಇನ್ನು ಕಾಯುವಂತಿಲ್ಲ ಎಂದು ಮೇಸ್ತ್ರಿಗೆ ಈಗ ಅರ್ಥವಾಯಿತು. ಮನೆಗೆ ಬಂದವನೇ ಹೆಂಡತಿಗೆ, “ಒಂದ್ಸಲ ಪೇಟೆಗೆ ಹೋಗಿ ಬರೋಣ” ಎಂದ.

“ಯಾಕೆ? ನನ್ನ ಸವತಿಗೆ ಮುದುಕಿಯಾದ ಮೇಲೆ ಬಣ್ಣ ಬಳೀತಾರಂತಲ್ಲ, ಅದನ್ನ ನೋಡೋಕಾ?”

“ಬಾ ಅಂದ್ರೆ ಬಾ.”

ಅವಳ ಮಂಡಿನೋವೆಂದು ಒಂದು ವಾರ, ಬಿಸಿಲೆಂದು ಒಂದು ವಾರ ಕಳೆದವು. ಅವನು ಎಂದೂ ಹೀಗೆ ಬೆನ್ನು ಹತ್ತಿದವನಲ್ಲ. ಮಾವನಿಗೆ ಏನೋ ಆಸೆ, ಹೋಗಿಬನ್ನಿ ಅತ್ತೆ ಎಂದು ಸೊಸೆಯೂ ಸೇರಿದಳು. ಕೊನೆಗೆ ಒಂದು ಸಂಜೆ ಇಬ್ಬರೂ ಬಸ್ಸು ಹತ್ತಿ, ಅದೇ ಸ್ಟಾಪಿನಲ್ಲಿ ಇಳಿದರು. ಅವನು ಅವಳ ತೋಳು ಹಿಡಿದು ಆ ಕಂಬದ ಹತ್ತಿರ ನಿಲ್ಲಿಸಿದ. “ನೋಡು,” ಎಂದು ತಾನೂ ತಲೆಯೆತ್ತಿದ.

ಕಟ್ಟಡದ ಮುಂಭಾಗಕ್ಕೆಲ್ಲ ಮೇಲಿಂದ ಕೆಳಗಿನವರೆಗೆ ಹಸಿರು ಬಲೆ ಕಟ್ಟಿದ್ದರು. ಒಂದು ಕಿಟಕಿಯೂ ಕಾಣಿಸುತ್ತಿರಲಿಲ್ಲ.

“ಇದನ್ನ ತೋರಿಸೋಕಾ ನನ್ನ ಮಂಡಿ ಸವೆಸಿದ್ದು?” ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳು ಆ ಕಟ್ಟಡದ ಕಡೆ ಮುಖವೆತ್ತಿದ್ದು ಅದೇ ಮೊದಲು.

ಮೇಸ್ತ್ರಿ ಅಲ್ಲೂ ಬಾಯಿಬಿಡಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಯೋಚಿಸಿದ: ಒಂದು ಲೆಕ್ಕಕ್ಕೆ ಇದೇ ವಾಸಿ. ಅಷ್ಟೆತ್ತರದಲ್ಲಿದ್ದುದನ್ನು ಮುದಿಗಣ್ಣಿಗೆ ದೂರದಿಂದ ತೋರಿಸುವುದಕ್ಕಿಂತ ಮುಖವೇ ಮನೆಗೆ ಬರಲಿ. ಹತ್ತಿರದಿಂದ ನೋಡಲಿ, ಮುಟ್ಟಲಿ, ಬೇಕಾದರೆ ಕೆನ್ನೆ ಸವರಲಿ. ಯೋಚಿಸಿದಷ್ಟೂ ಅವನಿಗೆ ಅದು ಒಳ್ಳೆಯದೇ ಆಯಿತೆಂದು ಅನ್ನಿಸುತ್ತ ಬಂತು. ಮುಂದಿನ ದಿನಗಳಲ್ಲಿ ಅವನು ಗೆಲುವಾಗಿದ್ದ. ಮನೆಯ ಗೋಡೆಯಲ್ಲಿ ಉದುರಿದ್ದ ಜಾಗಕ್ಕೆ ಕೊನೆಗೂ ಗಾರೆ ಮೆತ್ತಿದ. ಸೊಸೆ ಅತ್ತೆಯನ್ನು ಕರೆದು ತೋರಿಸಿದಳು.

ಇಂಜಿನಿಯರಮ್ಮ ಹೇಳಿಕಳಿಸಿದ ದಿನ ಮಗ ಅಪ್ಪನನ್ನು ಕೂರಿಸಿಕೊಂಡು ವ್ಯಾನು ತೆಗೆದುಕೊಂಡು ಹೋದ. ಮರಳಿ ಬರುವ ದಾರಿಯಲ್ಲಿ ಮೇಸ್ತ್ರಿ ಮಗನಿಗೆ ಒಂದೇ ಮಾತು ಹೇಳಿದ, “ಅದು ನಿನ್ನಕ್ಕ” ಎಂದು. ಮಗ ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿದ, ಆಮೇಲೆ ಬಹಳ ನಿಧಾನವಾಗಿ ಓಡಿಸಿಕೊಂಡು ಬಂದ. ಕಂಡಿರದ ಅಕ್ಕನನ್ನು ಗೋಣಿ ಸುತ್ತಿ, ಎದೆಗೊತ್ತಿಕೊಂಡು, ನಡುಮನೆಯ ಮೇಜಿನ ಮೇಲೆ ಇಳಿಸಿ ಗೋಡೆಗೆ ಆನಿಸಿದ. ಗೋಣಿ ಬಿಚ್ಚಿದ. ಮೇಸ್ತ್ರಿಯ ಹೆಂಡತಿ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

“ಇದ್ಯಾರ್ರೀ? ಹಿಂಗ್ಯಾಕೆ ಸೊಟ್ಟಗಿದೆ?”

ಮೇಸ್ತ್ರಿಯೂ ನೋಡಿದ. ತನ್ನ ಮನೆಯ ತಗ್ಗು ಸೂರಿನಡಿ, ತನ್ನ ಕಣ್ಣಿನ ಮಟ್ಟಕ್ಕೆ ಆ ಮುಖವಿತ್ತು. ಊದಿ ಮುಂದಕ್ಕೆ ಬಿದ್ದ ಹಣೆ, ಎಳೆದ ಮೂಗು, ಕತ್ತಿನೊಳಕ್ಕೆ ಇಳಿದುಹೋದ ಗಲ್ಲ, ಒಂದು ಕೆನ್ನೆ ದಪ್ಪ, ಒಂದು ಸಣ್ಣ. ಇಷ್ಟು ವರ್ಷ ಇದನ್ನೇ ಮೊಳದಷ್ಟು ಹತ್ತಿರದಿಂದ ನೋಡುತ್ತ, ಒರೆಸುತ್ತ, ತಿದ್ದುತ್ತ ಬಂದಿದ್ದಾನೆ. ಆಗೆಲ್ಲ ಕೈ ಇಲ್ಲಿದ್ದರೂ ಕಣ್ಣು ಬಸ್ ಸ್ಟಾಪಿನಲ್ಲೇ ಇರುತ್ತಿತ್ತು. ಹಲಗೆಯ ಮೇಲಿದ್ದಾಗ ಅವನಿಗೆ ಕಂಡದ್ದು ಯಾವಾಗಲೂ ಬಟಾಣಿಯೇ. ಯಾವ ಕಸುಬುದಾರನಿಗೂ ಮೊದಲು ಹೊಳೆಯಬೇಕಾದದ್ದು ಅವನಿಗೆ ಮರೆತೇಹೋಗಿತ್ತು. ಮೇಜಿನ ಮೇಲಿದ್ದದ್ದು ಯಾರ ಮಗುವೂ ಅಲ್ಲ.

ಆದರೂ ಹೇಳಿದ. ಹಿಂದುಮುಂದಾಗಿ, ತಡವರಿಸಿ, ಎಣ್ಣೆ, ಬಟ್ಟಲು, ಪ್ಲಾಸ್ಟರಿನ ಬಿಸಿ, ಎಲ್ಲವನ್ನೂ ಹೇಳಿದ. ಅವಳು ನೆಲದ ಮೇಲೆ ಕೂತುಬಿಟ್ಟಳು. ಮಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

“ಆವತ್ತು ಹುಬ್ಬಿನ ಮೇಲಿದ್ದಿದ್ದು ಅದಾ?”

“ಹೂಂ.”

“ನಾನು ನಿಮ್ಮನ್ನ ಏನೇನೋ ಅಂದೆ.”

“ಅಂದಿದ್ದು ಒಂದೇ ಮಾತು.”

ಅವಳು ಎದ್ದು ಮೇಜಿನ ಹತ್ತಿರ ಹೋದಳು. ಎರಡೂ ಅಂಗೈಯಿಂದ ಆ ಮುಖವನ್ನು ಮುಟ್ಟಿದಳು. ಕೈಗಳು ಹಣೆಯಿಂದ ಮೂಗಿಗೆ, ಮೂಗಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಇಳಿದವು, ಮತ್ತೆ ಹಣೆಗೆ ಹೋದವು. ಎಲ್ಲೂ ನಿಲ್ಲಲಿಲ್ಲ.

“ಹೂಂ, ಅವಳೇ,” ಎಂದಳು. “ಅವಳ ಹಾಗೇ ಇದೆ.”

ಅದು ನೆರೆಮನೆಯ ಕೂಸನ್ನು ಎತ್ತಿಕೊಂಡು ಎಷ್ಟು ಮುದ್ದಾಗಿದೆ ಅನ್ನುವಾಗಿನ ದನಿ. ಅವಳ ಬೈಗುಳವನ್ನು ಇಷ್ಟು ವರ್ಷ ತಡೆದುಕೊಂಡವನಿಗೆ ಅವಳ ಈ ಕರುಣೆಯನ್ನು ತಡೆದುಕೊಳ್ಳಲಾಗಲಿಲ್ಲ.

“ಅಲ್ಲ ಕಣೇ,” ಎಂದ. “ಇಲ್ಲಿಂದ ಅವಳಲ್ಲ. ಹತ್ತಿರದಿಂದ ನೋಡೋಕೆ ಮಾಡಿದ್ದಲ್ಲ ಇದು. ಕೆಳಗಿಂದ ನೋಡಬೇಕು.”

ಮಗ ಮುಂದೆ ಬಂದ. “ಎತ್ತಿ ಹಿಡೀಲಾ ಅಪ್ಪ?” ಎಂದವನೇ ಸ್ಟೂಲು ಎಳೆದುಕೊಂಡು ಹತ್ತಿ, ಮುಖವನ್ನು ಎರಡೂ ಕೈಯಲ್ಲಿ ಸೂರಿಗೆ ತಾಗುವವರೆಗೆ ಎತ್ತಿದ. ಅವನ ತೋಳು ನಡುಗುತ್ತಿತ್ತು. ಹೆಂಡತಿ ನೆಲಕ್ಕೆ ಕೂತು ಕತ್ತೆತ್ತಿದಳು. ಮೇಸ್ತ್ರಿಯೂ ಕೋಲು ಬಿಟ್ಟು ಅವಳ ಪಕ್ಕ ಕೂತ. ಹಣೆಯೊಂದೇ ಕಾಣುತ್ತಿತ್ತು. ಇನ್ನೂ ಎತ್ತರ ಬೇಕಿತ್ತು, ಇನ್ನೂ ಬಹಳ ದೂರ ಬೇಕಿತ್ತು.

“ಇಳಿಸಪ್ಪ, ಸಾಕು,” ಎಂದಳು.

ಮಗ ಇಳಿಸಿದ. ಗಂಡ ಹೆಂಡತಿ ನೆಲದ ಮೇಲೆ ಕೂತೇ ಇದ್ದರು.

“ಎಲ್ಲಿಂದ ನೋಡಿದ್ರೆ ಅವಳು ಕಾಣ್ತಿದ್ಲು?” ಎಂದು ಕೇಳಿದಳು.

“ಬಸ್ ಸ್ಟಾಪಿಂದ. ಕಂಬದ ಹತ್ರ, ನೀನು ನಿಲ್ತಿದ್ದೆಯಲ್ಲ, ಅಲ್ಲಿಂದ. ನೀನು ನಿಲ್ಲೋ ಜಾಗ ನೋಡ್ಕೊಂಡೇ ಮಾಡಿದ್ದು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಒಂದು ಮಾತು ಹೇಳಬಾರದಿತ್ತಾ?” ಎಂದಳು ಕೊನೆಗೆ. “ಆ ಬಸ್ಸು ಒಂದು ದಿನಾನೂ ಹೊತ್ತಿಗೆ ಸರಿಯಾಗಿ ಬರ್ತಿರಲಿಲ್ಲ. ದಿನಾ ಎಷ್ಟೊಂದು ಹೊತ್ತು ನಿಂತಿರ್ತಿದ್ದೆ.”